ಹಳದಿ ಎಷ್ಟು ಹಳದಿ ಇರಬಹುದು?

ರಾಜ್ಯೋತ್ಸವದ ದಿನ, ನವೆಂಬರ್ 1ರಂದು, ಕನ್ನಡದ ಯಾವ ವಾಹಿನಿ ಹಾಕಿದರೂ ತೆರೆಯ ತುಂಬ ಎರಡೇ ಬಣ್ಣ. ಮೇಲೆ ಹಳದಿ, ಕೆಳಗೆ ಕೆಂಪು. ಮ. ರಾಮಮೂರ್ತಿಯವರು ರೂಪಿಸಿದ, ನಾವೆಲ್ಲ ಅರಿಶಿನ–ಕುಂಕುಮ ಎಂದು ಓದಿಕೊಳ್ಳುವ ಆ ಬಾವುಟವನ್ನು ಟೆಲಿವಿಷನ್ ಎಂಜಿನಿಯರ್ ನೋಡುವ ರೀತಿ ಬೇರೆ. ಅನಲಾಗ್ ಪ್ರಸಾರದ ಲೆಕ್ಕದಲ್ಲಿ ಅಚ್ಚ ಹಳದಿಯ ಸಿಗ್ನಲ್ಲು ಬಿಳಿಯ ಮಟ್ಟವನ್ನೂ ದಾಟಿ ಶೇ 133ರವರೆಗೆ ಏರುತ್ತದೆ. ಅಚ್ಚ ಕೆಂಪಿನದು ಕಪ್ಪಿನ ಮಟ್ಟಕ್ಕಿಂತ ಶೇ 33ರಷ್ಟು ಕೆಳಕ್ಕೆ ಇಳಿಯುತ್ತದೆ. ಏರುವುದರಲ್ಲಿ ಹಳದಿಗೆ ಆಕಾಶನೀಲಿ ಜೊತೆ, ಇಳಿಯುವುದರಲ್ಲಿ ಕೆಂಪಿಗೆ ಕಡುನೀಲಿ ಜೊತೆ. ಉಳಿದ ಬಣ್ಣಗಳೆಲ್ಲ ಈ ಎರಡು ತುದಿಗಳ ನಡುವೆ ಎಲ್ಲೋ ಇರುತ್ತವೆ. ನಮ್ಮ ಬಾವುಟ ಮಾತ್ರ ಎರಡೂ ತುದಿಗಳನ್ನು ಒಂದೇ ಬಟ್ಟೆಯಲ್ಲಿ ಹೊಲಿದುಕೊಂಡಿದೆ.

ವಿಡಿಯೊ ಎಡಿಟಿಂಗ್ ತಂತ್ರಾಂಶ ಯಾವುದೇ ಇರಲಿ, ಅದರೊಳಗೆ ಎಲ್ಲೋ ಒಂದು ಕಡೆ 'ಬ್ರಾಡ್‌ಕಾಸ್ಟ್ ಸೇಫ್' ಎಂಬ ಹೆಸರಿನದೋ ಅದರ ಸೋದರ ಹೆಸರಿನದೋ ಒಂದು ಸೌಲಭ್ಯ ಇರುತ್ತದೆ. ಕಾರ್ಯಕ್ರಮ ವಾಹಿನಿಗೆ ಹೋಗಬೇಕಾದ ಕೊನೆ ಗಳಿಗೆಯಲ್ಲಿ ಎಡಿಟರ್ ಅದಕ್ಕೊಂದು ಟಿಕ್ ಹಾಕಿ ಕೈತೊಳೆದುಕೊಳ್ಳುತ್ತಾನೆ. ಟಿಕ್ ಹಾಕಿದ ಮೇಲೆ ಚಿತ್ರಕ್ಕೆ ಏನಾಯಿತು, ಆ ಮಿತಿಗಳನ್ನು ಯಾರು ಯಾಕೆ ಹಾಕಿದರು, ಆ ಕಾರಣಗಳಲ್ಲಿ ಇವತ್ತಿಗೂ ಉಸಿರಾಡುತ್ತಿರುವುದು ಯಾವುದು ಎಂದು ಕೇಳುವವರು ಕಡಿಮೆ. ನನ್ನ ಪಕ್ಷವನ್ನು ಮೊದಲೇ ಹೇಳಿಬಿಡುತ್ತೇನೆ: ಮಿತಿ ಬೇಕು. ಆದರೆ ಚಿತ್ರವನ್ನು ಮಿತಿಯೊಳಗೆ ತರುವುದು ಎಡಿಟರನ ಕೆಲಸ, ಟಿಕ್ ಹಾಕುವ ಆ ಪೆಟ್ಟಿಗೆಯದಲ್ಲ.

ಮೊದಲು ತಂತಿಯಲ್ಲಿ ಹರಿಯುತ್ತಿದ್ದುದು ಏನು ಎಂದು ನೋಡಬೇಕು. ನಮ್ಮ ದೇಶ ಒಪ್ಪಿಕೊಂಡಿದ್ದ ಪಾಲ್ ಪದ್ಧತಿಯಲ್ಲಿ ವಿಡಿಯೊ ಸಿಗ್ನಲ್ಲಿನ ಒಟ್ಟು ಎತ್ತರ 1 ವೋಲ್ಟ್. ಕೆಳಗಿನ 0.3 ವೋಲ್ಟ್ ಸಿಂಕ್‌ಗೆ ಮೀಸಲು. ಪ್ರತಿ ಗೆರೆ ಎಲ್ಲಿ ಶುರುವಾಗಬೇಕು ಎಂದು ಟಿವಿಗೆ ತಿಳಿಸುವ ಮಿಡಿತ ಅದು. ಮೇಲಿನ 0.7 ವೋಲ್ಟ್ ಚಿತ್ರದ ಪಾಲು. ಅದರ ಬುಡದಲ್ಲಿ ಕಪ್ಪು, ತುದಿಯಲ್ಲಿ ಬಿಳಿ. ಕಪ್ಪು–ಬಿಳುಪಿನ ಕಾಲಕ್ಕೆ ಇಷ್ಟು ಸಾಕಿತ್ತು. ಬಣ್ಣ ಬಂದಾಗ ಜನರ ಮನೆಯಲ್ಲಿದ್ದ ಹಳೆಯ ಸೆಟ್ಟುಗಳನ್ನು ಗುಜರಿಗೆ ಹಾಕಿಸುವಂತಿರಲಿಲ್ಲ. ಹಾಗಾಗಿ ಬೆಳಕಿನ ಅದೇ ಸಿಗ್ನಲ್ಲಿನ ಬೆನ್ನ ಮೇಲೆ ಬಣ್ಣವನ್ನು ಒಂದು ಅಲೆಯಾಗಿ ಹೇರಿದರು. ಅಮೆರಿಕದ ಎನ್‌ಟಿಎಸ್‌ಸಿ ಪದ್ಧತಿಗೆ 1953ರ ಡಿಸೆಂಬರಿನಲ್ಲಿ ಒಪ್ಪಿಗೆ ಸಿಕ್ಕಿತು. ಅದರಲ್ಲಿ ಬಣ್ಣ ದಾರಿ ತಪ್ಪುತ್ತಿದ್ದುದನ್ನು ತಿದ್ದಿ ಪಾಲ್ ರೂಪಿಸಿದ್ದು ಜರ್ಮನಿಯ ಟೆಲಿಫುಂಕನ್ ಕಂಪನಿಯ ವಾಲ್ಟರ್ ಬ್ರುಖ್, 1960ರ ದಶಕದ ಆರಂಭದಲ್ಲಿ. ಪಾಲ್‌ನ ಬಣ್ಣದ ಅಲೆ ಸೆಕೆಂಡಿಗೆ 44 ಲಕ್ಷ ಸಲಕ್ಕಿಂತ ಹೆಚ್ಚು ಏರಿಳಿಯುತ್ತದೆ. ಬಣ್ಣ ಗಾಢವಾದಷ್ಟೂ ಅಲೆ ಎತ್ತರ.

ತೊಡಕು ಹುಟ್ಟಿದ್ದು ಇಲ್ಲಿ. ಹಳದಿ ಸ್ವಭಾವತಃ ಬೆಳಕಿನ ಬಣ್ಣ. ಬಣ್ಣವನ್ನೆಲ್ಲ ತೆಗೆದು ಬರೀ ಬೆಳಕಾಗಿ ಅಳೆದರೂ ಅದು ಶೇ 88.6ರಷ್ಟು ಎತ್ತರದಲ್ಲಿ ಕೂತಿರುತ್ತದೆ. ಅದರ ಮೇಲೆ ಬಣ್ಣದ ಅಲೆ ಇನ್ನೂ 44.8ರಷ್ಟು ಏರಿದರೆ ತುದಿ ಎಲ್ಲಿಗೆ ಮುಟ್ಟಿತು, ಕೂಡಿ ನೋಡಿ. ಕೆಂಪು ಕತ್ತಲೆಯ ಬಣ್ಣ, ಅದರ ಬೆಳಕು 29.9 ಮಾತ್ರ, ಆದರೆ ಅಲೆ 63.2ರಷ್ಟು ದೊಡ್ಡದು. ಕಳೆದರೆ ಸೊನ್ನೆಯ ಕೆಳಗೆ 33. ಎರಡೂ ಕಡೆ ಮೂರನೇ ಒಂದರಷ್ಟೇ ಮಿತಿ ಮೀರುವುದು ಆಕಸ್ಮಿಕವಲ್ಲ. ಬಣ್ಣದ ಎರಡು ಘಟಕಗಳನ್ನು 0.493 ಮತ್ತು 0.877ರಿಂದ ಗುಣಿಸಿ ಕುಗ್ಗಿಸಿದ್ದೇ ಅತಿರೇಕ ಅಷ್ಟಕ್ಕೇ ನಿಲ್ಲಲಿ ಎಂದು. ಇನ್ನೂ ಕುಗ್ಗಿಸಿದ್ದರೆ ಬಣ್ಣ ಗದ್ದಲದಲ್ಲಿ ಕಳೆದುಹೋಗುತ್ತಿತ್ತು. ಕ್ಯಾಮೆರಾ ಮುಂದಿನ ಲೋಕದಲ್ಲಿ ಅಷ್ಟು ಪ್ರಖರವೂ ಅಷ್ಟು ಗಾಢವೂ ಆದ ಬಣ್ಣ ಅಪರೂಪ. ಅದು ಸಲೀಸಾಗಿ ಹುಟ್ಟುವುದು ಗ್ರಾಫಿಕ್ಸ್ ಯಂತ್ರದ ಒಳಗೆ.

ಮಿತಿ ಮೀರಿದರೆ ಆಗುವುದೇನು? ಇದಕ್ಕೆ ಉತ್ತರ ಕಣ್ಣಿಗಿಂತ ಮೊದಲು ಕಿವಿಗೆ ಸಿಗುತ್ತಿತ್ತು. ಅನಲಾಗ್ ಟ್ರಾನ್ಸ್‌ಮಿಟರ್ ಚಿತ್ರವನ್ನು ಉಲ್ಟಾ ಕಳಿಸುತ್ತಿತ್ತು. ಸಿಂಕ್ ಬಂದಾಗ ಪೂರ್ತಿ ಶಕ್ತಿ, ಬಿಳಿ ಬಂದಾಗ ತೀರಾ ಕಡಿಮೆ. ಬಿಳಿಯ ಮಟ್ಟದಲ್ಲಿ ವಾಹಕ ತರಂಗದ ಹತ್ತನೇ ಒಂದರಷ್ಟು ಮಾತ್ರ ಉಳಿದಿರುತ್ತಿತ್ತು. ಸಿಗ್ನಲ್ಲು ಅದಕ್ಕೂ ಮೇಲೆ ಹೋದರೆ ವಾಹಕವೇ ಮಾಯ. ಮನೆಯ ಟಿವಿ ಧ್ವನಿಯನ್ನು ಹೆಕ್ಕುತ್ತಿದ್ದುದು ಚಿತ್ರದ ವಾಹಕಕ್ಕೂ ಧ್ವನಿಯ ವಾಹಕಕ್ಕೂ ನಡುವೆ ಇರುವ 5.5 ಮೆಗಾಹರ್ಟ್ಸ್ ಅಂತರದಿಂದ. ಎರಡರಲ್ಲಿ ಒಂದು ಕಣ್ಮರೆಯಾದರೆ ಅಂತರ ಅಳೆಯುವುದು ಯಾವುದರಿಂದ? ತೆರೆಯ ಮೇಲೆ ದಪ್ಪ ಬಿಳಿ ಅಕ್ಷರದ ಹೆಸರುಪಟ್ಟಿ ಬಂದೊಡನೆ ಸ್ಪೀಕರು 'ಗುರ್ರ್' ಎನ್ನುತ್ತಿದ್ದುದು, ಅಕ್ಷರ ಹೋದೊಡನೆ ಸುಮ್ಮನಾಗುತ್ತಿದ್ದುದು ಹಳೆಯ ಸೆಟ್ಟು ನೋಡಿದವರಿಗೆ ನೆನಪಿರಬಹುದು. ಆಂಟೆನಾ ತಿರುಗಿಸಲು ಮಾಳಿಗೆ ಹತ್ತಿದವರ ಪೈಕಿ ಎಷ್ಟೋ ಜನ ಅದನ್ನೂ ಆಂಟೆನಾದ ತಪ್ಪೆಂದೇ ತಿಳಿದಿದ್ದರು. ತಪ್ಪು ಸ್ಟುಡಿಯೊದಲ್ಲಿ ಅಕ್ಷರ ಬರೆದ ಕೈಯದು.

ಕೆಳಗಿನ ಮಿತಿಯ ಕತೆ ಇಷ್ಟು ರೋಚಕವಲ್ಲ. ಕಪ್ಪಿನಿಂದ ಕೆಳಗಿಳಿದ ಬಣ್ಣದ ಅಲೆ ಸಿಂಕ್‌ಗೆ ಮೀಸಲಾದ ಜಾಗಕ್ಕೆ ಕೈಹಾಕುತ್ತದೆ, ಅದನ್ನೇ ಸಿಂಕ್ ಎಂದು ತಪ್ಪು ತಿಳಿದ ಸರ್ಕ್ಯೂಟು ತಬ್ಬಿಬ್ಬಾಗುತ್ತದೆ, ಅಷ್ಟೇ.

ಟೇಪಿನ ಆರಂಭದಲ್ಲಿ ಬರುತ್ತಿದ್ದ ಬಣ್ಣದ ಪಟ್ಟಿಗಳಿಗೂ ಈ ಲೆಕ್ಕಕ್ಕೂ ನಂಟಿದೆ. ಆ ಪಟ್ಟಿಗಳ ಮೂಲ ಕಲ್ಪನೆ ಆರ್‌ಸಿಎ ಪ್ರಯೋಗಾಲಯದ ನಾರ್ಬರ್ಟ್ ಲಾರ್ಕಿ ಮತ್ತು ಡೇವಿಡ್ ಹೋಮ್ಸ್ ಅವರದು. ಪೇಟೆಂಟಿಗೆ ಅರ್ಜಿ ಹಾಕಿದ್ದು 1951ರಲ್ಲಿ, ಸಿಕ್ಕಿದ್ದು 1956ರಲ್ಲಿ. ಬೂದು, ಹಳದಿ, ಆಕಾಶನೀಲಿ, ಹಸಿರು, ಮಜೆಂಟಾ, ಕೆಂಪು, ನೀಲಿ ಎಂಬ ಕ್ರಮ ಅಂದಕ್ಕಾಗಿ ಅಲ್ಲ, ಬೆಳಕಿನ ಇಳಿಕೆಯ ಕ್ರಮ ಅದು. ಪಟ್ಟಿಗಳ ಬಣ್ಣವನ್ನು ಪೂರ್ತಿ ಇಡದೆ ಶೇ 75ಕ್ಕೆ ನಿಲ್ಲಿಸುವ ರೂಢಿ ಯಾಕೆ ಬಂತು ಎಂಬುದಕ್ಕೆ ಸಣ್ಣ ಗುಣಾಕಾರ ಸಾಕು: 133ರ ಮುಕ್ಕಾಲು ಭಾಗ 100. ಎಂದರೆ 75ರ ಪಟ್ಟಿಯಲ್ಲಿ ಹಳದಿಯ ತುದಿ ಬಿಳಿಯ ಮಟ್ಟಕ್ಕೆ ಸರಿಯಾಗಿ ತಾಗುತ್ತದೆ, ದಾಟುವುದಿಲ್ಲ. ಎಂಜಿನಿಯರ್ ಸಿಗ್ನಲ್ಲಿನ ಎತ್ತರ ತೋರಿಸುವ ವೇವ್‌ಫಾರ್ಮ್ ಮಾನಿಟರಿನಲ್ಲಿ ಒಂದು ನೋಟ ಹಾಯಿಸಿದರೆ ಯಂತ್ರ ಸರಿ ಇದೆಯೋ ಇಲ್ಲವೋ ತಿಳಿದುಬಿಡುತ್ತಿತ್ತು.

ಭಾರತದಲ್ಲಿ ಟಿವಿಗೆ ಬಣ್ಣ ಬಂದದ್ದು 1982ರ ಆಗಸ್ಟ್ 15ರಂದು. ಆ ವರ್ಷದ ಕೊನೆಗೆ ದೆಹಲಿಯ ಏಷ್ಯನ್ ಕ್ರೀಡಾಕೂಟ ಬಣ್ಣದ ಸೆಟ್ಟುಗಳನ್ನು ಮನೆಮನೆಗೆ ನುಗ್ಗಿಸಿತು. ಅದಕ್ಕೂ ಮೊದಲೇ, 1975–76ರ ಸೈಟ್ ಎಂಬ ಉಪಗ್ರಹ ಟಿವಿ ಪ್ರಯೋಗದಲ್ಲಿ, ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳ ಹಳ್ಳಿಗಳು ಎಟಿಎಸ್–6 ಉಪಗ್ರಹದಿಂದ ನೇರವಾಗಿ ಟಿವಿ ನೋಡಿದ್ದವು. ಅದು ಕಪ್ಪು–ಬಿಳುಪು, ಹಳದಿಯ ಉಪದ್ರವ ಇಲ್ಲದ ಸುಖದ ಕಾಲ. ಬಣ್ಣದ ಜೊತೆಗೇ ಬಣ್ಣದ ಮಿತಿಗಳೂ ಪಾಲ್‌ನ ಪೆಟ್ಟಿಗೆಯಲ್ಲಿ ಬಂದಿಳಿದವು. ದೂರದರ್ಶನದ ಎಂಜಿನಿಯರುಗಳು ಟೇಪ್ ಪರೀಕ್ಷಿಸಿ, ಮಟ್ಟ ಮೀರಿದ್ದರೆ ವಾಪಸು ಕಳಿಸುವ ಶಿಸ್ತನ್ನು ರೂಢಿಸಿಕೊಂಡರು. 1994ರಲ್ಲಿ ಉದಯ ಟಿವಿ ಶುರುವಾಗಿ ಖಾಸಗಿ ವಾಹಿನಿಗಳ ದಾರಿ ತೆರೆದ ಮೇಲೆ ಕಾರ್ಯಕ್ರಮ ಹೊರಗಿನ ನಿರ್ಮಾಪಕರಿಂದ ಬರುವುದು ಹೆಚ್ಚಿತು. ಮಟ್ಟ ನೋಡಿಕೊಳ್ಳುವ ಹೊಣೆ ಸ್ಟುಡಿಯೊದಿಂದ ಎಡಿಟ್ ಸೂಟಿಗೆ ಜಾರಿತು. ಅಲ್ಲಿ ವೇವ್‌ಫಾರ್ಮ್ ಮಾನಿಟರ್ ಕೊಳ್ಳುವಷ್ಟು ದುಡ್ಡು ಎಲ್ಲರಿಗೂ ಇರಲಿಲ್ಲ. ತಂತ್ರಾಂಶದೊಳಗೇ ಮಟ್ಟ ತೋರಿಸುವ ಸ್ಕೋಪು, ಮಟ್ಟ ಮೀರದಂತೆ ತಡೆಯುವ ಲಿಮಿಟರುಗಳು ಆ ಕೊರತೆಯನ್ನು ತುಂಬಿದವು.

ಈಗ ಆ ಟ್ರಾನ್ಸ್‌ಮಿಟರುಗಳೇ ಅಪರೂಪ. ಅಮೆರಿಕ 2009ರ ಜೂನ್‌ನಲ್ಲಿ ಅನಲಾಗ್ ಪ್ರಸಾರ ನಿಲ್ಲಿಸಿತು. 2022ರ ಹೊತ್ತಿಗೆ ಪ್ರಸಾರ ಭಾರತಿಯೂ ತನ್ನ ಅನಲಾಗ್ ಟ್ರಾನ್ಸ್‌ಮಿಟರುಗಳಲ್ಲಿ ಬಹುಪಾಲನ್ನು ಮುಚ್ಚಿತು. ಗುರ್ರ್ ಎನ್ನಲು ಸ್ಪೀಕರಿಗೆ ಕಾರಣ ಉಳಿದಿಲ್ಲ. ಆದರೂ ತಂತ್ರಾಂಶದ ಸ್ಕೋಪ್ ತೆರೆದರೆ ಪಕ್ಕದಲ್ಲಿ 'ಐಆರ್‌ಇ' ಎಂಬ ಅಳತೆ ಕಾಣುತ್ತದೆ. ಇನ್‌ಸ್ಟಿಟ್ಯೂಟ್ ಆಫ್ ರೇಡಿಯೊ ಎಂಜಿನಿಯರ್ಸ್ ಎಂಬ ಸಂಸ್ಥೆಯ ಹೆಸರಿನ ಮೊದಲಕ್ಷರಗಳವು. ಆ ಸಂಸ್ಥೆ 1963ರಲ್ಲೇ ಇನ್ನೊಂದರ ಜೊತೆ ಸೇರಿ ಐಇಇಇ ಆಗಿಹೋಯಿತು. ಇಪ್ಪತ್ತರ ಹರೆಯದ ಎಡಿಟರ್ ಲ್ಯಾಪ್‌ಟಾಪಿನಲ್ಲಿ ರೀಲ್ಸ್ ಕತ್ತರಿಸುತ್ತ ಅದೇ ಅಳತೆಗೋಲು ಹಿಡಿದಿದ್ದಾನೆ.

ಹಾಗಾದರೆ ಮಿತಿ ಬರೀ ಹಳೆಯ ಕಾಲದ ಮಡಿಯೇ? ಅಲ್ಲ. ಡಿಜಿಟಲ್ ವಿಡಿಯೊ ತನ್ನದೇ ಕಾರಣಕ್ಕೆ ತನ್ನದೇ ಮಿತಿ ಹಾಕಿಕೊಂಡಿತು. 1982ರಲ್ಲಿ ರೂಪುಗೊಂಡ 601 ಎಂಬ ಅಂತರರಾಷ್ಟ್ರೀಯ ಶಿಫಾರಸು 8 ಬಿಟ್ ವಿಡಿಯೊದಲ್ಲಿ ಕಪ್ಪನ್ನು ಸೊನ್ನೆಯಲ್ಲಿ ಇಡಲಿಲ್ಲ, 16ರಲ್ಲಿ ಇಟ್ಟಿತು. ಬಿಳಿಯನ್ನು 255ರ ಬದಲು 235ರಲ್ಲಿ. 10 ಬಿಟ್ ಆದರೆ 64 ಮತ್ತು 940. ಎಚ್‌ಡಿಗಾಗಿ ಬಂದ 709 ಕೂಡ ಇದನ್ನೇ ಉಳಿಸಿಕೊಂಡಿತು. ಕಂಪ್ಯೂಟರಿನಲ್ಲಿ ಬೆಳೆದವರಿಗೆ ಇದು ದುಂದು ಅನಿಸುತ್ತದೆ. ಆದರೆ ಚಿತ್ರವನ್ನು ಹಿಗ್ಗಿಸಿದಾಗ, ಕುಗ್ಗಿಸಿದಾಗ, ಚೂಪುಗೊಳಿಸಿದಾಗ ಬಿಳಿ–ಕಪ್ಪು ಕೂಡುವ ಅಂಚಿನಲ್ಲಿ ಸಿಗ್ನಲ್ಲು ಒಂದಿಷ್ಟು ಹಾರಿ, ಒಂದಿಷ್ಟು ಬಿದ್ದು ಆಮೇಲೆ ನೆಲೆಗೆ ಬರುತ್ತದೆ. ಆ ಹಾರಾಟಕ್ಕೆ ಮೇಲೆ ಕೆಳಗೆ ಜಾಗ ಬಿಡದಿದ್ದರೆ ಅಂಚು ಪ್ರತಿ ಸಲವೂ ಸವೆಯುತ್ತದೆ. ಕ್ಯಾಮೆರಾದಿಂದ ಮನೆಯ ಟಿವಿವರೆಗೆ ಒಂದೇ ಚಿತ್ರವನ್ನು ಹತ್ತಾರು ಯಂತ್ರಗಳು ಬಿಚ್ಚಿ ಕಟ್ಟುತ್ತವೆ. ಹಾಗಾಗಿ ಆ ಜಾಗ ದುಂದಲ್ಲ, ದಾರಿಖರ್ಚು.

ಅನೇಕ ಕ್ಯಾಮೆರಾಗಳು ಆ ಮೇಲಿನ ಜಾಗವನ್ನೂ ಬಳಸಿ ಶೇ 109ರವರೆಗೆ ದಾಖಲಿಸುತ್ತವೆ. ಬಿಳಿ ಪಂಚೆಯ ಮಡಿಕೆ, ಮೋಡದ ಅಂಚು, ದಸರೆಯ ಬಿಸಿಲಿಗೆ ಫಳಕ್ಕನೆ ಹೊಳೆಯುವ 750 ಕೆ.ಜಿ. ಅಂಬಾರಿಯ ಕೆತ್ತನೆ ಎಲ್ಲ ಎಷ್ಟೋ ಸಲ 100 ಮತ್ತು 109ರ ನಡುವೆಯೇ ಕೂತಿರುತ್ತವೆ. ಕ್ಯಾಮೆರಾಮನ್‌ಗಳು ಬಿಳಿಗೆ 100, ಮುಖಕ್ಕೆ 70 ಎಂದು, ಆ ಮಟ್ಟ ಮುಟ್ಟಿದ ಜಾಗದಲ್ಲಿ ಪಟ್ಟೆ ಮೂಡಿಸುವ ಜೀಬ್ರಾ ಹಾಕಿಕೊಂಡು ಕಾಯುವುದು ಇದನ್ನೇ. ಎಡಿಟರ್ ಮೊದಲು ಹೈಲೈಟ್ ಇಳಿಸಿದರೆ ಅಂಬಾರಿಯ ಕೆತ್ತನೆ ಕೆಳಗಿಳಿದು ಕಣ್ಣಿಗೆ ಸಿಗುತ್ತದೆ. ಮೊದಲು ಲಿಮಿಟರ್ ಹಾಕಿ ಆಮೇಲೆ ಇಳಿಸಿದರೆ ಸಿಗುವುದು ಬೂದು ಬಣ್ಣದ ಒಂದು ತಗಡು. ಟೂಲು ಎರಡೂ ಸಲ ಒಂದೇ, ಕ್ರಮ ಮಾತ್ರ ಹಿಂದುಮುಂದು. ಪ್ರೀಮಿಯರ್ ಪ್ರೊದಂಥ ತಂತ್ರಾಂಶದಲ್ಲಿ ಕೆಲವು ಎಫೆಕ್ಟುಗಳಿಗೆ 32 ಬಿಟ್ ಗುರುತು ಇರುತ್ತದೆ, ಕೆಲವಕ್ಕೆ ಇರುವುದಿಲ್ಲ. ಗುರುತಿಲ್ಲದ ಹಳೆಯ ಎಫೆಕ್ಟು ನಡುವೆ ಒಂದು ಕೂತರೂ ಸಾಕು, 100ರ ಮೇಲಿದ್ದುದೆಲ್ಲ ಅಲ್ಲೇ ಸವರಿಹೋಗಬಹುದು. ಲಿಮಿಟರ್ ಹಾಕದೆಯೇ ಹಾಕಿದ ಫಲ.

ಇನ್ನು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಸೆಳೆಯುವ ಭಾಗ. ವಿಡಿಯೊ ಫೈಲು ಬಣ್ಣವನ್ನು ಕೆಂಪು–ಹಸಿರು–ನೀಲಿ ಎಂದು ಇಟ್ಟುಕೊಳ್ಳುವುದಿಲ್ಲ. ಬೆಳಕು ಒಂದು ಕಡೆ, ಬಣ್ಣದ ಎರಡು ವ್ಯತ್ಯಾಸಗಳು ಇನ್ನೊಂದು ಕಡೆ. ತೆರೆಗೆ ಬರುವಾಗ ಮಾತ್ರ ಮೂರು ಬಣ್ಣಗಳಾಗಿ ಬದಲಾಗುತ್ತದೆ. ಬೆಳಕು–ವ್ಯತ್ಯಾಸಗಳಲ್ಲಿ ಬರೆಯಬಹುದಾದ ಸಂಖ್ಯೆಗಳ ಜೋಡಣೆ ಎಷ್ಟಿವೆಯೋ ಅವುಗಳಲ್ಲಿ ಸುಮಾರು ಕಾಲುಭಾಗಕ್ಕೆ ಮಾತ್ರ ನಿಜವಾದ ಬಣ್ಣ ಉಂಟು. ಉಳಿದ ಮುಕ್ಕಾಲು ಭಾಗ ಕಾಗದದ ಮೇಲೆ ಕಾನೂನುಬದ್ಧ, ತೆರೆಯ ಮೇಲೆ ಅಸಾಧ್ಯ.

ಮತ್ತೆ ಬಾವುಟವನ್ನೇ ತೆಗೆದುಕೊಳ್ಳಿ. ಎಚ್‌ಡಿಯ ಲೆಕ್ಕದಲ್ಲಿ ಅಚ್ಚ ಹಳದಿಯ ಬೆಳಕು ಶೇ 92.8. ಸ್ವಲ್ಪ ಮಂಕಾಗಿದೆ ಎಂದು ಬಣ್ಣ ಮುಟ್ಟದೆ ಬೆಳಕನ್ನಷ್ಟೇ 7ರಷ್ಟು ಏರಿಸಿದಿರಿ ಎನ್ನೋಣ. ಬೆಳಕು 99.8, ಬಿಳಿಯ ಮಿತಿಯೊಳಗೇ ಇದೆ. ವೇವ್‌ಫಾರ್ಮ್ ನೋಡಿದರೆ ಎಲ್ಲ ಕ್ಷೇಮ. ಆದರೆ ಮೂರು ಬಣ್ಣಗಳಾಗಿ ಬಿಚ್ಚಿದಾಗ ಕೆಂಪು 107, ಹಸಿರು 107. ಕೆಳಗಿನ ಅರ್ಧವನ್ನು ನೋಡಿ: ಅಚ್ಚ ಕೆಂಪಿನ ಬೆಳಕು ಶೇ 21.3. ಅದನ್ನು 10ರಷ್ಟು ಇಳಿಸಿದರೆ 11.3, ಕಪ್ಪಿಗಿಂತ ಎಷ್ಟೋ ಮೇಲೆ. ಆದರೂ ಹಸಿರು ಮತ್ತು ನೀಲಿ ಎರಡೂ ಸೊನ್ನೆಯಿಂದ 10 ಕೆಳಗೆ. ಅಂಥ ಬಣ್ಣ ಯಾವ ಟಿವಿಯಲ್ಲೂ ಇಲ್ಲ. ಟಿವಿ ತನಗೆ ತೋಚಿದ ಹಾಗೆ ಕತ್ತರಿಸಿ ತೋರಿಸುತ್ತದೆ. ಒಂದು ಕಂಪನಿಯ ಸೆಟ್ಟು ಒಂದು ಥರ, ಇನ್ನೊಂದರದು ಇನ್ನೊಂದು ಥರ. ಈ ಕಾರಣಕ್ಕೇ ಅನುಭವಿಗಳು ಬೆಳಕಿನ ವೇವ್‌ಫಾರ್ಮ್ ಒಂದನ್ನೇ ನಂಬುವುದಿಲ್ಲ. ಪಕ್ಕದಲ್ಲಿ ಮೂರು ಬಣ್ಣಗಳನ್ನು ಬೇರೆ ಬೇರೆಯಾಗಿ ತೋರಿಸುವ ಆರ್‌ಜಿಬಿ ಪೆರೇಡ್ ತೆರೆದಿಟ್ಟುಕೊಂಡೇ ಕೂರುತ್ತಾರೆ.

ಗ್ರಾಫಿಕ್ಸ್ ಯಂತ್ರದಿಂದ ಬಂದ ಅಚ್ಚ ಹಳದಿ ಇವತ್ತಿನ ನಿಯಮದಲ್ಲಿ ನಿರಪರಾಧಿ ಎಂಬುದನ್ನೂ ಇಲ್ಲೇ ಹೇಳಬೇಕು. ಕೆಂಪು 100, ಹಸಿರು 100, ನೀಲಿ ಸೊನ್ನೆ. ಮೂರೂ ಮಿತಿಯೊಳಗೆ. ಅಪರಾಧವೆನಿಸಿದ್ದು ಬಣ್ಣವನ್ನು ಬೆಳಕಿನ ಬೆನ್ನ ಮೇಲೆ ಹೇರುತ್ತಿದ್ದ ಕಾಲದಲ್ಲಿ. ಆದರೆ ತಂತ್ರಾಂಶಗಳಲ್ಲಿ ಆ ಕಾಲದ ಎಫೆಕ್ಟುಗಳು ಇನ್ನೂ ಉಳಿದಿವೆ. ಆಫ್ಟರ್ ಎಫೆಕ್ಟ್ಸ್‌ನಲ್ಲಿರುವ 'ಬ್ರಾಡ್‌ಕಾಸ್ಟ್ ಕಲರ್ಸ್' ಎನ್‌ಟಿಎಸ್‌ಸಿಯೋ ಪಾಲೋ ಎಂದು ಕೇಳುತ್ತದೆ. ಗರಿಷ್ಠ ಮಟ್ಟವನ್ನು ತಾನಾಗಿಯೇ 110 ಐಆರ್‌ಇಗೆ ಇಟ್ಟುಕೊಂಡಿರುತ್ತದೆ. ಡಿಜಿಟಲ್ ವಾಹಿನಿಗೆ ಹೋಗುವ ರಾಜ್ಯೋತ್ಸವದ ಗ್ರಾಫಿಕ್ಸ್ ಮೇಲೆ ಇದನ್ನು ಹಾಕಿದರೆ 133ರ ಹಳದಿಯನ್ನು ಹಿಡಿದು ದಂಡಿಸುತ್ತದೆ. ತಪ್ಪೇ ಮಾಡದ ಬಣ್ಣ ಸಾಸಿವೆಯಾಗಿಯೋ ಬೆಣ್ಣೆಯಾಗಿಯೋ ಹೊರಬರುತ್ತದೆ. ಬೆಳಕು ಇಳಿಸು ಎಂದರೆ ಸಾಸಿವೆ, ಬಣ್ಣ ತೆಳುವಾಗಿಸು ಎಂದರೆ ಬೆಣ್ಣೆ. ಕಾರ್ಯಕ್ರಮ ಎಲ್ಲಿಗೆ ಹೋಗುತ್ತದೆ ಎಂದು ತಿಳಿಯದೆ ಲಿಮಿಟರ್ ಮುಟ್ಟಬಾರದು.

ಈಗಿನ ಮಿತಿಗಳಲ್ಲಿ ನನಗೆ ಹೆಚ್ಚು ವಿವೇಕದ್ದು ಅನಿಸುವುದು ಯುರೋಪಿನ ಪ್ರಸಾರ ಸಂಸ್ಥೆಗಳ ಒಕ್ಕೂಟ ಇಬಿಯು ಹೊರಡಿಸಿರುವ ಆರ್ 103 ಎಂಬ ಶಿಫಾರಸು. ಅದು ಕೆಂಪು, ಹಸಿರು, ನೀಲಿ ಮೂರಕ್ಕೂ ಸೊನ್ನೆಯಿಂದ 5 ಕೆಳಗೆ, ನೂರರಿಂದ 5 ಮೇಲೆ ಸಲಿಗೆ ಕೊಡುತ್ತದೆ. 8 ಬಿಟ್ ಸಂಖ್ಯೆಯಲ್ಲಿ 5ರಿಂದ 246, 10 ಬಿಟ್‌ನಲ್ಲಿ 20ರಿಂದ 984. ಮೇಲೆ ಹೇಳಿದ 107ರ ಹಳದಿಯೂ 10 ಕೆಳಗಿನ ಕೆಂಪೂ ಇದರಲ್ಲಿ ನಪಾಸು. ಆದರೆ ಇನ್ನೊಂದು ಮಾತಿದೆ: ಮಿತಿ ಮೀರಿದ ಜಾಗ ಚಿತ್ರದ ಶೇ 1ನ್ನು ದಾಟಿದರೆ ಮಾತ್ರ ಅಳತೆಯ ಯಂತ್ರ ದೂರು ಹೇಳಬೇಕು. ಎಚ್‌ಡಿ ಚಿತ್ರದಲ್ಲಿ ಸುಮಾರು 20 ಲಕ್ಷ ಪಿಕ್ಸೆಲ್. ಶೇ 1 ಎಂದರೆ 20,736. ಮೂಗುತಿಯ ಹರಳಿಗೆ, ಮೈಸೂರು ರೇಷ್ಮೆಯ ಜರಿಯ ಮಿಂಚಿಗೆ ಇಷ್ಟು ಧಾರಾಳ. ಸುದ್ದಿವಾಹಿನಿಯ ತಳದಲ್ಲಿ ಓಡುವ ಕೆಂಪು ಪಟ್ಟಿಗೆ ಸಾಲದು. 100 ಗೆರೆ ಎತ್ತರದ ಪಟ್ಟಿಯೊಂದೇ ಚಿತ್ರದ ಶೇ 9ನ್ನು ತಿನ್ನುತ್ತದೆ. ನಮ್ಮ ಕನ್ನಡ ಸುದ್ದಿವಾಹಿನಿಗಳಲ್ಲಿ ಪಟ್ಟಿಯ ಮೇಲೆ ಪಟ್ಟಿ, ಅದರ ಮೇಲೆ ಮಿನುಗುವ ಹಳದಿ ಅಕ್ಷರ. ಸುದ್ದಿ ಹೇಳುವವರ ಮುಖಕ್ಕೆ ಉಳಿಯುವ ಜಾಗ ಎಷ್ಟು ಎಂಬುದು ಆರ್ 103ರ ವ್ಯಾಪ್ತಿಗೆ ಬರುವುದಿಲ್ಲ.

ಲಿಮಿಟರ್ ಕೆಲಸ ಮಾಡುವ ಬಗೆ ಎರಡು. ಒಂದು, ಮಿತಿಯ ಮೇಲೆ ಬಂದುದನ್ನೆಲ್ಲ ಕತ್ತರಿಸಿ ಹಾಕುವುದು. ಎರಡು, ಮಿತಿ ಹತ್ತಿರ ಬರುತ್ತಿದ್ದಂತೆ ನಿಧಾನವಾಗಿ ಒತ್ತಿ ಒಳಗೆ ಕೂರಿಸುವುದು. ಮಲೆನಾಡಿನ ಹಳೆಮನೆಯ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬರುವುದಕ್ಕೂ ತಲೆಯನ್ನೇ ತೆಗೆಯುವುದಕ್ಕೂ ಇರುವಷ್ಟು ವ್ಯತ್ಯಾಸ ಇವೆರಡರ ನಡುವೆ ಇದೆ. ಪ್ರೀಮಿಯರ್‌ನ 'ವಿಡಿಯೊ ಲಿಮಿಟರ್' ಕತ್ತರಿಸುವ ಮಟ್ಟಕ್ಕಿಂತ ಶೇ 3, 5, 10 ಅಥವಾ 20 ಕೆಳಗಿನಿಂದಲೇ ಒತ್ತಲು ಶುರು ಮಾಡು ಎಂದು ಹೇಳಲು ಅವಕಾಶ ಕೊಡುತ್ತದೆ. ಕೊಟ್ಟ ಅವಕಾಶವನ್ನು ಬಳಸಿ. ಬರೀ ಕತ್ತರಿಸಿದರೆ ಬೆಳಕು ಮಾತ್ರ ಹೋಗುವುದಿಲ್ಲ, ಬಣ್ಣವೇ ಮತಾಂತರ ಆಗುತ್ತದೆ. ಆಗುಂಬೆಯ ಸಂಜೆಯ ಆಕಾಶದಲ್ಲಿ ಒಂದು ಕಡೆ ಕೆಂಪು 120, ಹಸಿರು 80, ನೀಲಿ 20 ಇದೆ ಎನ್ನಿ, ಒಳ್ಳೆಯ ಕಿತ್ತಳೆ. ಕತ್ತರಿ ಕೆಂಪನ್ನು 100ಕ್ಕೆ ಇಳಿಸುತ್ತದೆ, ಹಸಿರನ್ನು ಮುಟ್ಟುವುದಿಲ್ಲ. ಕೆಂಪು ಹಸಿರಿನ ಒಂದೂವರೆ ಪಟ್ಟು ಇದ್ದುದು ಒಂದೂಕಾಲು ಪಟ್ಟಾಯಿತು. ಕಿತ್ತಳೆ ಹಳದಿಯಾಯಿತು. ಸೂರ್ಯನ ಸುತ್ತ ಹಳದಿ ತೇಪೆ ಹಾಕಿದಂತೆ ಕಾಣುವ ಎಷ್ಟೋ ಧಾರಾವಾಹಿಯ ದೃಶ್ಯಗಳ ಹಿಂದೆ ಇದೇ ಕತ್ತರಿ ಇರುತ್ತದೆ. ದೀಪದ ಬಿಸಿಯಲ್ಲಿ ಬೆವರಿದ ಹಣೆಯ ಮೇಲೂ ಇದೇ ಆಟ, ಏಕೆಂದರೆ ಮುಖದಲ್ಲಿ ಮೊದಲು ಮಿತಿ ಮುಟ್ಟುವುದು ಕೆಂಪು.

ಡಾವಿಂಚಿ ರಿಸಾಲ್ವ್‌ನಲ್ಲಿ ಈ ಸೌಲಭ್ಯ ಪ್ರಾಜೆಕ್ಟ್ ಸೆಟ್ಟಿಂಗ್ಸ್ ಒಳಗಿದೆ. ಮೈನಸ್ 20ರಿಂದ 120, ಮೈನಸ್ 10ರಿಂದ 110, ಸೊನ್ನೆಯಿಂದ 100 ಎಂಬ ಮೂರು ಆಯ್ಕೆ. ಅದನ್ನು ಆನ್ ಮಾಡುವ ಮೊದಲು ವ್ಯೂ ಮೆನುವಿನಲ್ಲಿ ಮಿತಿ ಮೀರಿದ ಜಾಗಗಳನ್ನು ತೋರಿಸುವ ಇನ್ನೊಂದು ಆಯ್ಕೆ ಇದೆ, ಅದನ್ನು ಆನ್ ಮಾಡಿ. ನನಗೆ ಆ ಎರಡನೆಯದೇ ಹೆಚ್ಚು ಪ್ರಯೋಜನದ್ದು. ಫೈನಲ್ ಕಟ್ ಪ್ರೊದಲ್ಲಿ ರೇಂಜ್ ಚೆಕ್ ಎಂಬ ಜೀಬ್ರಾ ಪಟ್ಟೆ, 'ಬ್ರಾಡ್‌ಕಾಸ್ಟ್ ಸೇಫ್' ಎಂಬ ಎಫೆಕ್ಟು ಎರಡೂ ಇವೆ. ಅವಿಡ್‌ನಲ್ಲೂ ಎಚ್ಚರಿಸುವ, ತಡೆಯುವ ವ್ಯವಸ್ಥೆ ಇದೆ. ಮೊದಲು ತೋರಿಸು ಎನ್ನಿ. ಎಲ್ಲಿ ಮೀರಿದೆ ಎಂದು ನೋಡಿ, ಆ ಶಾಟನ್ನೇ ಕೈಯಾರೆ ತಿದ್ದಿ. ಕೆಂಪು ಕೆಳಗೆ ಇಳಿದಿದ್ದರೆ ಬಣ್ಣ ತುಸು ತೆಳುವಾಗಿಸಿ, ಹಳದಿ ಮೇಲೆ ಹಾರಿದ್ದರೆ ಬೆಳಕು ತುಸು ತಗ್ಗಿಸಿ. ಅರಿಶಿನಕ್ಕೆ ಬಿಳಿ ಬೆರೆತರೆ ಅದು ಅರಿಶಿನವಾಗಿ ಉಳಿಯುವುದಿಲ್ಲ. ಇಷ್ಟಾದ ಮೇಲೆ ಲಿಮಿಟರನ್ನು ಟೈಮ್‌ಲೈನಿನ ಎಲ್ಲಕ್ಕಿಂತ ಮೇಲಿನ ಪದರದಲ್ಲಿ, ಹೆಸರುಪಟ್ಟಿ–ಲೋಗೊಗಳ ಮೇಲೂ ಆವರಿಸುವಂತೆ ಹಾಕಿ. ಒಂದೊಂದು ಕ್ಲಿಪ್ಪಿಗೆ ಬೇರೆ ಬೇರೆ ಹಾಕಿದರೆ ಎರಡು ಕ್ಲಿಪ್ಪು ಕರಗಿ ಸೇರುವಲ್ಲಿ, ಗ್ರಾಫಿಕ್ಸ್ ಬಂದು ಕೂರುವಲ್ಲಿ ಲೆಕ್ಕ ಮತ್ತೆ ತಪ್ಪುತ್ತದೆ. ಲಿಮಿಟರ್ ಆದ ಮೇಲೆ ಚಿತ್ರವನ್ನು ಹಿಗ್ಗಿಸಿ ಕುಗ್ಗಿಸಿದರೂ ಅಂಚುಗಳು ಮತ್ತೆ ಹಾರುತ್ತವೆ. ಆರ್ 103ರ ಐದರ ಸಲಿಗೆ ಆ ಹಾರಾಟಕ್ಕೆಂದೇ ಇರುವುದು; ಅದನ್ನು ನಾವೇ ಮೊದಲು ತಿಂದು ಮುಗಿಸಿದರೆ ದಾರಿಯ ಮುಂದಿನ ಯಂತ್ರಕ್ಕೆ ಏನೂ ಉಳಿಯುವುದಿಲ್ಲ.

ವಾಹಿನಿಯ ಗುಣಮಟ್ಟ ಪರೀಕ್ಷೆಯಲ್ಲಿ, ಎಂದರೆ ಕ್ಯೂಸಿಯಲ್ಲಿ, ಫೈಲು ರಿಜೆಕ್ಟ್ ಆಗುವುದಕ್ಕೆ ಬಣ್ಣ ಹಚ್ಚಿದವನ ತಪ್ಪೇ ಕಾರಣ ಆಗಬೇಕಿಲ್ಲ. ಎರಡು ಕಳ್ಳದಾರಿಗಳಿವೆ. ಒಂದು, ಫೈಲಿನ ವ್ಯಾಪ್ತಿಯನ್ನು ತಪ್ಪು ಓದುವುದು. ಸೊನ್ನೆಯಿಂದ 255ರವರೆಗೆ ಬರೆದ ಗ್ರಾಫಿಕ್ಸನ್ನು ತಂತ್ರಾಂಶ 16–235ರದು ಎಂದು ತಿಳಿದರೆ ಬಿಳಿ ಶೇ 109ಕ್ಕೆ ಹಾರುತ್ತದೆ, ಕಪ್ಪು ಸೊನ್ನೆಯಿಂದ 7 ಕೆಳಗೆ ಬೀಳುತ್ತದೆ. ಇದರ ಉಲ್ಟಾ ಆದರೆ ಚಿತ್ರ ಮಂಜು ಮುಸುಕಿದಂತೆ ಬೂದಾಗುತ್ತದೆ. ಯೂಟ್ಯೂಬಿಗೆ ಹಾಕಿದ ಮೇಲೆ ಬಣ್ಣ ಪೇಲವವಾಯಿತು ಎಂಬ ದೂರುಗಳಲ್ಲಿ ಅನೇಕವು ಇದೇ ಜಾತಿಯವು. ಎರಡನೆಯದು ಇನ್ನೂ ಮಸಲತ್ತಿನದು. ಹಳೆಯ ಎಸ್‌ಡಿ ಟೇಪು 601ರ ಗುಣಕಗಳಿಂದ ಕಟ್ಟಿದ್ದು. ಎಚ್‌ಡಿ ಟೈಮ್‌ಲೈನು ಅದನ್ನು 709ರ ಗುಣಕಗಳಿಂದ ಬಿಚ್ಚಿದರೆ ಅಚ್ಚ ಕೆಂಪು ಶೇ 108ನ್ನು ದಾಟುತ್ತದೆ, ಅದರೊಳಗೆ ಹತ್ತರಷ್ಟು ಹಸಿರು ಸೇರಿ ಕುಂಕುಮ ಕಿತ್ತಳೆಯತ್ತ ವಾಲುತ್ತದೆ. ಲಿಮಿಟರ್ ಆಗ 108ನ್ನು ಕತ್ತರಿಸಿ ಕ್ಯೂಸಿ ದಾಟಿಸಿಬಿಡುತ್ತದೆ. ಕಿತ್ತಳೆ ಹಾಗೇ ಉಳಿಯುತ್ತದೆ. ರೋಗ ಮುಚ್ಚಿ ಜ್ವರ ಮಾತ್ರ ಇಳಿಸುವ ಇಂಥ ಸಂದರ್ಭಗಳಿಂದಾಗಿಯೇ ನನಗೆ ಆ ಟಿಕ್ ಬಾಕ್ಸಿನ ಮೇಲೆ ಅನುಮಾನ ಹೆಚ್ಚು.

ಬೆಳಕಿನ ವ್ಯಾಪ್ತಿ ಹಿಗ್ಗಿಸಿದ ಎಚ್‌ಡಿಆರ್ ಬಂದ ಮೇಲೆ ಮಿತಿ ಎಂಬುದೇ ಇಲ್ಲ ಎಂದು ಭಾವಿಸುವವರಿದ್ದಾರೆ. ಅಲ್ಲೂ ಸಾಮಾನ್ಯ ಬಿಳಿಗೆ, ಎಂದರೆ ಕಾಗದದ ಹಾಳೆಗೋ ಹೆಸರುಪಟ್ಟಿಯ ಅಕ್ಷರಕ್ಕೋ, ತೆರೆಯ ಪ್ರಖರತೆಯ ಅಳತೆಯಲ್ಲಿ 203 ನಿಟ್ಸ್ ಎಂಬ ಸೂಚನೆ ಇದೆ. ಬಿಬಿಸಿ ಮತ್ತು ಜಪಾನಿನ ಎನ್‌ಎಚ್‌ಕೆ ಸೇರಿ ರೂಪಿಸಿದ ಎಚ್‌ಎಲ್‌ಜಿ ಪದ್ಧತಿಯಲ್ಲಿ ಅದು ಶೇ 75ರ ಮಟ್ಟಕ್ಕೆ ಬರುತ್ತದೆ. ಅದರ ಮೇಲಿನ ಜಾಗ ಹೊಳಪಿಗೆ, ಬೆಂಕಿಗೆ, ಬಿಸಿಲಿಗೆ. ಅಕ್ಷರಕ್ಕೆ ಅಲ್ಲ. ಕತ್ತಲ ಕೋಣೆಯಲ್ಲಿ ಕೂತವನ ಕಣ್ಣಿಗೆ ಹೆಸರುಪಟ್ಟಿ ಚುಚ್ಚಿದರೆ ಅವನು ರಿಮೋಟಿನಿಂದ ಬೆಳಕು ತಗ್ಗಿಸುತ್ತಾನೆ, ಕಲರಿಸ್ಟ್ ವಾರಗಟ್ಟಲೆ ಕೂತು ಮಾಡಿದ ನೆರಳುಗಳೆಲ್ಲ ಅದರ ಜೊತೆಗೇ ಹೋಗುತ್ತವೆ.

ಮಿತಿ ಹಾಕಲೇಬಾರದ ಜಾಗವೂ ಒಂದಿದೆ. ಊರೂರಿನಲ್ಲಿ ಈಗ ಹಳೆಯ ವಿಎಚ್‌ಎಸ್ ಮದುವೆ ಕ್ಯಾಸೆಟ್ಟು, ಯಕ್ಷಗಾನದ ಟೇಪು, ನಾಟಕ ಕಂಪನಿಯ ರೆಕಾರ್ಡಿಂಗುಗಳನ್ನು ಡಿಜಿಟಲ್ ಮಾಡಿಕೊಡುವ ಅಂಗಡಿಗಳಿವೆ. ಆ ಟೇಪುಗಳಲ್ಲಿ ಬೆಳಕು 100ರ ಮೇಲೆ ಹೋಗಿರುವುದು ಮಾಮೂಲು. ಹ್ಯಾಲೊಜೆನ್ ದೀಪದ ಕೆಳಗೆ ಧಾರೆಯ ಸೀರೆ, ಗ್ಯಾಸ್‌ಲೈಟಿನ ಮುಂದೆ ವೇಷದ ಎದೆಹಾರ. ಕ್ಯಾಪ್ಚರ್ ಮಾಡುವಾಗಲೇ ಲಿಮಿಟರ್ ಇದ್ದರೆ ಟೇಪಿನಲ್ಲಿ ಇಷ್ಟು ವರ್ಷ ಉಳಿದುಕೊಂಡು ಬಂದದ್ದು ಫೈಲಿಗೆ ಬರುವುದೇ ಇಲ್ಲ, ಟೇಪಿಗೆ ಬೂಷ್ಟು ಹಿಡಿದ ಮೇಲೆ ಇನ್ನೊಮ್ಮೆ ತೆಗೆಯಲೂ ಆಗುವುದಿಲ್ಲ. ಸಂಗ್ರಹಾಲಯಗಳವರು 10 ಬಿಟ್‌ನಲ್ಲಿ, ಮಿತಿ ಹಾಕದೆ, ಇದ್ದದ್ದು ಇದ್ದಂತೆ ದಾಖಲಿಸುತ್ತಾರೆ. ಕ್ಯೂಸಿಟೂಲ್ಸ್ ಎಂಬ ಉಚಿತ ತಂತ್ರಾಂಶ ಪ್ರತಿ ಫ್ರೇಮಿನಲ್ಲಿ ಎಷ್ಟು ಪಿಕ್ಸೆಲ್ ಪ್ರಸಾರದ ವ್ಯಾಪ್ತಿಯ ಹೊರಗಿವೆ ಎಂದು ಗ್ರಾಫ್ ಹಾಕಿ ತೋರಿಸುತ್ತದೆ. ಕತ್ತರಿಸುವುದಿಲ್ಲ, ಲೆಕ್ಕ ಮಾತ್ರ ಕೊಡುತ್ತದೆ. ಕ್ಯಾಸೆಟ್ಟು ಕೊಡಲು ಹೋದಾಗ ಅಂಗಡಿಯವರನ್ನು ಎರಡು ಮಾತು ಕೇಳಿ. ಕ್ಯಾಪ್ಚರ್ ಕಾರ್ಡಿನ ಸೆಟ್ಟಿಂಗಿನಲ್ಲಿ ಕ್ಲಿಪ್ ಮಾಡುವ ಆಯ್ಕೆ ಆಫ್ ಆಗಿದೆಯೇ? ಮೂಲ ಫೈಲನ್ನು, ನೋಡಲು ಕೊಡುವ ಪ್ರತಿಯಿಂದ ಬೇರೆಯಾಗಿ, ನಮಗೆ ಕೊಡುತ್ತೀರಾ? ಹೌದು ಎಂದರೆ ಮಾತ್ರ ಕ್ಯಾಸೆಟ್ಟು ಚೀಲದಿಂದ ತೆಗೆಯಿರಿ.